ಮಲ್ಲಯ್ಯನ ಮಹಜರು

ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ನಾನು ಜಾತಿ ಪ್ರಮಾಣಪತ್ರ ಬರೆಯುವ ಗುಮಾಸ್ತನಾಗಿದ್ದೆ. ಯಾವ ತಾಲ್ಲೂಕು ಎಂದು ಕೇಳಬೇಡಿ. ಅದನ್ನು ಹೇಳುವ ಧೈರ್ಯ ನನಗಿದ್ದಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು. ಶುಕ್ರವಾರ ಬಂತೆಂದರೆ ನಮ್ಮ ಬೀರುಗಳಿಗೂ ರಬ್ಬರ್ ಮೊಹರುಗಳಿಗೂ ಕುಂಕುಮ ಹಚ್ಚಿ, ಕಾಯಿ ಒಡೆದ ಮೇಲೇ ಕೆಲಸ ಶುರು. ಸಂವಿಧಾನದ ಪೀಠಿಕೆಗೆ ಜಾತ್ಯತೀತ ಎಂಬ ಪದ ಸೇರಿಸಿದ ಸುದ್ದಿ ಬಂದಿತ್ತಲ್ಲ, ಆ ಪತ್ರಿಕೆಯಲ್ಲೇ ಪೂಜೆಯ ಕಾಯಿಚೂರು ಕಟ್ಟಿಕೊಂಡು ಮನೆಗೆ ಒಯ್ದ ಮಹಾನುಭಾವ ನಾನು.

ಅದಾಗಿ ಎರಡು ವರ್ಷಕ್ಕೆ, ಎಪ್ಪತ್ತೆಂಟರ ಜೂನ್‌ನಲ್ಲಿ, ಕಾಲುವೆಯಂಚಿನ ಒಂದು ಹಳ್ಳಿಯಿಂದ ಮಲ್ಲಯ್ಯ ಬಂದ. ಮಗಳು ಹಂಪಕ್ಕನಿಗೆ ಬಳ್ಳಾರಿಯಲ್ಲಿ ದಾದಿ ತರಬೇತಿಗೆ ಸೀಟು ಸಿಕ್ಕಿತ್ತು, ಪರಿಶಿಷ್ಟ ಜಾತಿಯ ಸೀಟು. ಹದಿನೈದು ದಿನದೊಳಗೆ ಜಾತಿ ಪತ್ರ ಕೊಡಬೇಕಿತ್ತು. ಶಾಲೆಯ ಟಿ.ಸಿ. ನೋಡಿದೆ. ಧರ್ಮ ಎಂಬಲ್ಲಿ ದುಂಡಗೆ ‘ಬೌದ್ಧ’ ಎಂದು ಬರೆದಿತ್ತು.

"ಬೌದ್ಧರಿಗೆ ಇದು ಬರಂಗಿಲ್ಲಪ್ಪ," ಎಂದೆ. "ಹಿಂದೂ ಇರಬೇಕು, ಇಲ್ಲಾಂದ್ರ ಸಿಖ್ ಇರಬೇಕು. ದಿಲ್ಲಿಯಿಂದ ಹಂಗ ಆದೇಶ ಐತಿ."

"ನಾವು ಬೌದ್ಧರಾದ ಮ್ಯಾಲೆ ಹೋಟೆಲಿನ್ಯಾಗ ನಮಗ ಬ್ಯಾರೆ ಕಪ್ಪು ಇಡೋದು ಬಿಟ್ಟಾರೇನ್ರಿ, ಸಾಹೇಬ್ರ?"

ಜಗಳ ಮಾಡಲು ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ. ನಾನು ಪೆನ್ನಿನ ಮುಚ್ಚಳ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದೆ.

ಹನ್ನೊಂದು ವರ್ಷದ ಹಿಂದೆ ಅವನ ಕೇರಿಯ ಹತ್ತು ಮನೆಯವರು ಒಟ್ಟಿಗೆ ದೀಕ್ಷೆ ತೆಗೆದುಕೊಂಡಿದ್ದರಂತೆ. ಅಂದಿನಿಂದ ಊರಿನ ಸಾವಿಗೆ, ಊರಮ್ಮನ ಪೂಜೆಗೆ ಹಲಗೆ ಬಾರಿಸುವುದನ್ನು ಬಿಟ್ಟರು, ಸತ್ತ ದನ ಎಳೆಯುವುದನ್ನೂ ಬಿಟ್ಟರು. ಹಂಪಕ್ಕನನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು, ಹಿಂದೂ ಅಂತ ಬರೆಯುತ್ತೇನೆ, ಮುಂದೆ ಅನುಕೂಲವಾಗುತ್ತದೆ ಎಂದರಂತೆ. ಇವನು ಒಪ್ಪಲಿಲ್ಲ. ಸುಳ್ಳು ಬರೆಸಿ ಬುದ್ಧನಿಗೆ ಹೇಗೆ ಕೈಮುಗಿಯುವುದು ಎಂದು ಕೇಳಿ, ಬೌದ್ಧ ಎಂದೇ ಬರೆಸಿದ. ಅವನು ಮಾಡಿದ ತಪ್ಪು ಅದೊಂದೇ.

ನನಗೆ ಕನಿಕರ ಬಂತು. ಗುಮಾಸ್ತನ ಕನಿಕರವೆಂದರೆ ಇನ್ನೊಂದು ಕಾಗದದ ದಾರಿ ತೋರಿಸುವುದು. "ಊರ ಹಿರೇರ ಕಡೆಯಿಂದ ಒಂದು ಮಹಜರು ಮಾಡಿಸ್ಕೊಂಡು ಬಾ," ಎಂದೆ. "ಮಲ್ಲಯ್ಯ ಹಿಂದೂ, ಊರಮ್ಮಗ ನಡಕೊಳ್ಳಾವ ಅಂತ ಬರೆದು ನಾಕು ಮಂದಿ ಸಹಿ ಹಾಕಿದ್ರ ಮುಗೀತು." ದೊಡ್ಡ ಉಪಕಾರ ಮಾಡಿದೆನೆಂದು ಬೀಗಿಕೊಂಡು ಅವತ್ತು ಊಟಕ್ಕೆ ಹೋದೆ. ಆ ಊರಮ್ಮನ ಗುಡಿಯ ಮೆಟ್ಟಿಲನ್ನು ಅವನು ಒಮ್ಮೆಯೂ ಹತ್ತಿಲ್ಲವೆಂಬುದು ನನಗೆ ಗೊತ್ತಿತ್ತು. ಹತ್ತಲು ಬಿಡದವರೇ ಅವನು ಭಕ್ತನೆಂದು ಬರೆದುಕೊಡಬೇಕಿತ್ತು.

ಹತ್ತನೆಯ ದಿನ ಮಹಜರು ತಂದ. ನಾಲ್ಕು ಸಹಿ, ಎರಡು ಹೆಬ್ಬೆಟ್ಟು. ಅವನ ಬಲಗೈ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಏನಾಯಿತೆಂದು ಕೇಳಿದೆ.

"ನಮ್ಮೂರ ದೊಡ್ಡಬಸಪ್ಪಗೌಡ್ರು ಅಂದ್ರು, ಲೇ ಮಲ್ಲ, ದೇವಿ ಸೇವಾ ಮಾಡಾವ ಹಿಂದೂ. ಹಲಗಿ ಹಿಡಿ, ಸಹಿ ಹಾಕ್ತೀವಿ ಅಂತ. ಊರ ತುಂಬ ಬಾರಿಸಿಕ್ಯಾಂತ ಬಂದೆ. ಹನ್ನೊಂದು ವರ್ಷ ಆಗಿತ್ತಲ್ರಿ, ಕೈಗೆ ರೂಢಿ ತಪ್ಪಿತ್ತು."

ಶುಕ್ರವಾರವಾಗಿತ್ತು. ನಾನು ‘ಹಿಂದೂ’ ಎಂದು ಬರೆದೆ, ತಹಶೀಲ್ದಾರರು ಸಹಿ ಹಾಕಿದರು, ಮೊಹರಿನ ಜೊತೆ ಕುಂಕುಮವೂ ಕಾಗದಕ್ಕೆ ಅಂಟಿತು. ಮಲ್ಲಯ್ಯ ಅದನ್ನು ಒರೆಸಲು ಹೋಗಿ ಇನ್ನಷ್ಟು ಹರಡಿದ. ಹಂಪಕ್ಕ ಬಳ್ಳಾರಿಗೆ ಹೋದಳು.

ಒಂದು ದಿನ ಹಲಗೆ ಹಿಡಿದರೆ ಸಾಕೆಂದು ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ. ಎರಡು ವರ್ಷ ಊರಿನ ಒಂದೊಂದು ಹೆಣದ ಮುಂದೆಯೂ ಅವನೇ ನಡೆಯಬೇಕಾಯಿತು. ದನ ಸತ್ತರೂ ಅವನಿಗೇ ಕರೆ. ಹಂಪಕ್ಕ ತರಬೇತಿ ಮುಗಿಸಿ, ಕುರುಗೋಡಿನ ಕಡೆ ನೌಕರಿಗೆ ಸೇರಿದ ತಿಂಗಳು, ಯಾರದೋ ಸಾವಿಗೆ ಮಲ್ಲಯ್ಯ, ಈ ಸಲ ಬರುವುದಿಲ್ಲ ಎಂದುಬಿಟ್ಟ. ವಾರದೊಳಗೆ ನನ್ನ ಮೇಜಿಗೆ ತಕರಾರು ಅರ್ಜಿ ಬಂತು: ಸದರಿ ಮಲ್ಲಯ್ಯ ಬೌದ್ಧನಾಗಿದ್ದು, ಸುಳ್ಳು ಹೇಳಿ ಪತ್ರ ಪಡೆದಿರುತ್ತಾನೆ, ಮಗಳ ನೌಕರಿ ರದ್ದು ಮಾಡಬೇಕು. ಕೆಳಗೆ ಅವೇ ನಾಲ್ಕು ಸಹಿ, ಅವೇ ಎರಡು ಹೆಬ್ಬೆಟ್ಟು.

ಅದನ್ನು ಹರಿದು ಹಾಕಬಹುದಿತ್ತು. ಮೊದಲ ಸಹಿಯ ದೊಡ್ಡಬಸಪ್ಪಗೌಡ ನಮ್ಮ ಮಠಕ್ಕೇ ನಡೆದುಕೊಳ್ಳುವವನು, ನಮ್ಮವರಲ್ಲಿ ಮಾತು ಬರುತ್ತದೆಂದು ಹೆದರಿ ನಂಬರು ಹಾಕಿ ಫೈಲಿಗೆ ಸೇರಿಸಿದೆ. ನನ್ನ ಕೈಯನ್ನು ನೋಡಿದರೆ ಇವತ್ತಿಗೂ ನನಗೆ ಅಸಹ್ಯವಾಗುತ್ತದೆ. ನಾಲ್ಕು ದಿನಕ್ಕೆ ಇನ್ನೊಂದು ಅರ್ಜಿ ಬಂತು, ಮೊದಲಿನದನ್ನು ವಾಪಸು ಪಡೆದಿದ್ದೇವೆ ಎಂದು. ಮಲ್ಲಯ್ಯ ಮತ್ತೆ ಹಲಗೆ ಹಿಡಿದಿದ್ದನೆಂದು ಯಾರೂ ಹೇಳದೆಯೇ ಗೊತ್ತಾಯಿತು.

ಮರುದಿನ ಅವನೇ ಬಂದು ಬಾಗಿಲಲ್ಲಿ ನಿಂತ. ಒಳಗೆ ಕರೆದು ಕುರ್ಚಿ ತೋರಿಸಿದೆ. ಕೂರಲಿಲ್ಲ.

"ಹಂಪಕ್ಕನ ನೌಕರಿ ಪಕ್ಕಾ ಆತಂದ್ರ ಹಲಗಿ ಕೆಳಗ ಇಡಬಹುದಲ್ರಿ, ಸಾಹೇಬ್ರ?"

ಹೌದೆಂದು ಸುಳ್ಳು ಹೇಳಿದ್ದರೆ ಅವನಿಗೆ ನಾಲ್ಕು ದಿನದ ನೆಮ್ಮದಿಯಾದರೂ ಸಿಗುತ್ತಿತ್ತು. "ಪರ್ಮನೆಂಟ್ ಆದ್ರೂ ಯಾರಾರ ಅರ್ಜಿ ಕೊಟ್ರ ವಿಚಾರಣಿ ಆಗ್ತೈತಿ ಮಲ್ಲಯ್ಯ. ರಿಟೈರ್ ಆಗೋತನಕ."

"ಅದು ಎಷ್ಟು ವರ್ಷಕ್ಕ ಆಗ್ತೈತ್ರಿ?"

"ಐವತ್ತೈದಕ್ಕ."

ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಆಕಿಗೆ ಈಗ ಇಪ್ಪತ್ತು. ನನಗ ಐವತ್ತಾತು. ಅಲ್ಲೀತನಕ ನಾ ಇರಂಗಿಲ್ರಿ."

ಅವನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

"ದೀಕ್ಷೆ ತಗೊಂಡ ಮರುವರ್ಷ ಹುಟ್ಟಿದ ಮಗ ಅದಾನ್ರಿ, ಗೌತಮ. ಇನ್ನೂ ಹಲಗಿ ಮುಟ್ಟಿಲ್ಲ ಅವನು. ಈ ರಜಾದಾಗ ಕಲಿಸಿಬಿಡ್ತೀನಿ."