ಹೊಡೆತದ ಪಟ್ಟಿ

ಫಿಲಿಪೀನ್ಸಿನ ಸೆಬು ನಗರದ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಮರಿವಿಕ್ ಆರು ವರ್ಷದಿಂದ ಆನ್‌ಲೈನ್ ಯುದ್ಧದಾಟದಲ್ಲಿ ಆಡುತ್ತಿದ್ದದ್ದು ಒಂದೇ ಪಾತ್ರ, ವೈದ್ಯೆ. ಗಾಯಗೊಂಡ ಗೆಳೆಯರನ್ನು ಬದುಕಿಸುವುದೇ ಅವಳ ಕೆಲಸ. ರಾಕ್ಷಸ ಸತ್ತಾಗ ಸಿಗುವ ಆಯುಧಗಳನ್ನು ಮಾತ್ರ, ಯಾರು ಎಷ್ಟು ಹೊಡೆದರೆಂಬ ಪಟ್ಟಿ ನೋಡಿ ಹಂಚುತ್ತಿದ್ದರು. ಪಟ್ಟಿಯಲ್ಲಿ ಅವಳದು ಯಾವತ್ತೂ ಸೊನ್ನೆ.

ಆ ಭಾನುವಾರವೂ ಗಂಡಸರು ಕಾದಾಡುತ್ತಲೇ, ಖಡ್ಗಧಾರಿಯ ಪಾತ್ರ ಮೇಲೋ ಮಂತ್ರವಾದಿಯದು ಮೇಲೋ ಎಂದು ಜಗಳಕ್ಕೆ ಬಿದ್ದರು. ಮರಿವಿಕ್ ಕೀಲಿಮಣೆಯಿಂದ ಕೈ ತೆಗೆದು ಸುಮ್ಮನೆ ಕೂತಳು. ಎರಡೇ ನಿಮಿಷಕ್ಕೆ ಎಲ್ಲರೂ ಹೆಣವಾದರು.

"ಥೂ, ಈ ಆಟ ಮಾಡಿದೋರು ಖಡ್ಗಧಾರೀನ ತೀರಾ ಸಪ್ಪೆ ಮಾಡ್ಬಿಟ್ಟಿದಾರೆ ಕಣ್ರೋ!" ಎಂದ ತಂಡದ ನಾಯಕ ಡೆನ್ಸಿಯೊ.

"ನಾನು ಔಷಧಿ ಕೊಡ್ಲಿಲ್ಲ ಕಣೋ," ಎಂದಳು ಮರಿವಿಕ್. "ಮುಂದಿನ ವಾರದಿಂದ ನಾನೂ ಖಡ್ಗ ಹಿಡೀತೀನಿ."

ಡೆನ್ಸಿಯೊ ಪರದೆಯಿಂದ ಕಣ್ಣು ಕೀಳಲಿಲ್ಲ. "ಹಿಡ್ಕೊ. ಬರ್ತಾ ನಿನ್ ತಂಗೀನ ಕರ್ಕೊಂಡ್ ಬಾ. ವೈದ್ಯೆ ಬೇಕಲ್ಲ."