ನಾಲ್ಕ ತಾಸು ಅಂದಿದ್ಳು ನಿಶಾತ

ಅರಿಯೋ ಕೆಲಸಕ್ಕ ಯಾರರೆ ನನಗ ಗಡಿಯಾರ ತೋರಿಸಿದ್ರ ಸಿಟ್ಟು ಬರ್ತದ್ರಿ. ಆಳಂದದಾಗ ಮೂರ ತಲಿಮಾರಿಂದ ನಮ್ಮದು ಸುರ್ಮಾ ಅರಿಯೋ ಮನಿ. ಕಣ್ಣಿಗಿ ಹಚ್ಚೋ ವಸ್ತು ಅದು, ಒಂದು ಹರಳು ಉಳಿದ್ರೂ ಕಣ್ಣು ಕೆಂಪಾಗ್ತದ. ಗೌಸಮೊಹಿದ್ದೀನನ ಸುರ್ಮಾ ಅಂದ್ರ ನಲವತ್ತ ದಿನ ಅರೆದ ಸುರ್ಮಾ ಅಂತ ಅಫಜಲಪುರ, ಜೇವರ್ಗಿ ಸಂತಿಯಾಗ ಇವತ್ತಿಗೂ ಕೇಳಿ ತೊಗೋತಾರ.

ಅಂಥಾವನ ಮುಂದ ನನ್ನ ಮಗಳು ನಿಶಾತ ಒಂದು ಸಣ್ಣ ಖರಲ್ ತಂದಿಟ್ಟಳು, ಅರಿಯೋ ಕಲ್ಲಿನ ಬಟ್ಟಲು. ಅದರಾಗ ಲ್ಯಾಬಿನಾಗ ಒಮ್ಮಿ ಸುಟ್ಟ ಒಂದಿಷ್ಟು ಕರೇ ಪುಡಿ. ನಿಶಾತ ಅಫಜಲಪುರದ ಕಾಲೇಜಿನಾಗ ಫಿಜಿಕ್ಸ್ ಕಲಸ್ತಾಳ, ಏಳು ವರ್ಷದಿಂದ ಪಿಎಚ್‌ಡಿ ಮಾಡಾಕತ್ತಾಳ. ಆ ಪುಡಿ ಒತ್ತಿ ರೂಪಾಯಿ ನಾಣ್ಯದಂಥಾ ಬಿಲ್ಲಿ ಮಾಡಿ ಮತ್ತ ಸುಟ್ಟು, ಭಾಳ ಥಂಡಿಯಾಗ ಇಟ್ರ ಅದರೊಳಗ ಕರೆಂಟ್ ಏನೂ ತಡಿ ಇಲ್ದ ಹರಿತದಂತ. ಸೂಪರ್‌ಕಂಡಕ್ಟರ್ ಅಂತಾರ. ಎಷ್ಟು ತಾಸು ಅರೆದ್ರ ಅದು ಚೊಲೋ ಆಗ್ತದ ಅನ್ನೋದೇ ಅಕಿ ಥೀಸಿಸ್ಸು. ಲ್ಯಾಬಿನ ಅರಿಯೋ ಮಷೀನ್ ಕೆಟ್ಟಿತ್ತು, ಅಕಿ ಬಲಗೈ ಮುರಿದು ಪ್ಲಾಸ್ಟರಿನಾಗ ಇತ್ತು.

"ನಾಲ್ಕ ತಾಸು ಅರೀರಿ ಅಬ್ಬಾ. ಹೆಚ್ಚು ಬ್ಯಾಡ, ಕಮ್ಮಿನೂ ಬ್ಯಾಡ. ಇದೇ ಕಡೀ ಪುಡಿ. ಮೂವತ್ತನೇ ತಾರೀಖಿಗಿ ನನ್ನ ರಿಜಿಸ್ಟ್ರೇಷನ್ ಮುಗೀತದ, ಇನ್ನ ವಾಯಿದೆ ಕೊಡಂಗಿಲ್ಲಂತ."

"ನನಗ ಅರಿಯೋದು ಕಲಸ್ತಿ ಏನ್ ಬೇ?" ಅಂದೆ. ನಕ್ಕೋತ ಬಸ್ ಹತ್ತಿದಳು. ಅಫಜಲಪುರದಾಗ ಮೂರು ದಿನ ಪರೀಕ್ಷಾ ಡ್ಯೂಟಿ ಇತ್ತು.

ಮಧ್ಯಾನದ ಜೋಹರ್ ನಮಾಜ್ ಮುಗಿಸಿ ಕುಂತೆ. ಸಂಜಿಮುಂದ ಅಸರ್ ಅಜಾನ್ ಆಗೋತನಕ ಅಕಿ ಹೇಳಿದ ನಾಲ್ಕ ತಾಸು ಸನಿ ಬಂದಿತ್ತು. ಪುಡಿ ಬೆರಳಾಗ ತಿಕ್ಕಿ ನೋಡಿದೆ. ಗರಗರ ಅಂತು. ಮಗಳ ಏಳು ವರ್ಷದ ಕೆಲಸಕ್ಕ ಇಂಥಾ ಪುಡಿ ಕೊಟ್ಟು ಕಳಿಸ್ಲಿ ಹೆಂಗ್ರಿ? ಗಿರಾಕಿಗಿ ಕೊಡಲಾರದ್ದು ಮಗಳಿಗಿ ಕೊಡ್ತಾರೇನು? ಮತ್ತ ಅರೆದೆ. ಮರುದಿನಾನೂ ಅರೆದೆ, ಮೂರನೇ ದಿನಾನೂ ಅರೆದೆ. ಕಡೀಕ ಬೆರಳಿಗಿ ಏನೂ ಹತ್ತಲಿಲ್ಲ.

ನಿಶಾತ ಬಂದು ಪುಡಿ ತುಂಬಿಟ್ಟ ಶೀಶೆ ತೊಗೊಂಡು ಕೇಳಿದಳು, "ನಾಲ್ಕ ತಾಸೇ ಹೌದಲ್ರಿ?"

"ಹೂಂ" ಅಂದೆ. ಎಡಗೈಲೇ ಸೊಟ್ಟ ಸೊಟ್ಟ ತನ್ನ ಲ್ಯಾಬಿನ ರಿಜಿಸ್ಟರಿನಾಗ ನಾಲ್ಕು ಅಂತ ಬರಕೊಂಡಳು.

ಕಲಬುರಗಿ ಲ್ಯಾಬಿನಾಗ ಬಿಲ್ಲಿ ಸುಟ್ಟು ಇಪ್ಪತ್ತೆಂಟಕ್ಕ ಮನಿಗಿ ಬಂದಳು. ಕೈಯಾಗ ಒಂದು ದೊಡ್ಡ ಕ್ಯಾನು. ಜೇವರ್ಗಿ ದನದ ದವಾಖಾನಿಯಾಗ ಅಕಿ ಜೋಡಿ ಸಾಲಿ ಕಲಿತ ಸಂಜುಕುಮಾರ ಡಾಕ್ಟರ್ ಇದ್ದಾನ, ಹೋರಿ ವೀರ್ಯ ಕೆಡದಂಗ ಇಡೋ ಭಾಳ ಥಂಡಿ ನೈಟ್ರೋಜನ್ ಅವನ ಕಡಿಂದ ತಂದಿದ್ದಳು. ತನ್ನ ಗೈಡ್ ಮೇಡಂಗ ತೋರ್ಸೋಕಿಂತ ಮೊದಲ ತಾನು ಒಮ್ಮಿ ನೋಡಬೇಕಂತ ಅಂಗಳದಾಗ ಥರ್ಮೋಕೋಲ್ ಬಟ್ಟಲ ಇಟ್ಟು, ಅದರಾಗ ಬಿಲ್ಲಿ ಇಟ್ಟು ಸುರುವಿದಳು. ಬಿಳಿ ಹೊಗಿ ಎದ್ದಿತು. ಬಿಲ್ಲಿ ಮ್ಯಾಲ ಸಣ್ಣ ಮ್ಯಾಗ್ನೆಟ್ ಬಿಟ್ರ ಅದು ಗಾಳಿಯಾಗ ತೇಲಿ ನಿಲ್ಲಬೇಕು. ಹಿಂದಿನ ಬಿಲ್ಲಿ ಮ್ಯಾಲ ನಿಂತದ್ದು ನಾನೇ ನೋಡೇನಿ.

ಮ್ಯಾಗ್ನೆಟ್ ಟಕ್ ಅಂತ ಬಿಲ್ಲಿ ಮ್ಯಾಲ ಕುಂತು ಬಿಡ್ತು. ಎತ್ತಿ ಮತ್ತ ಬಿಟ್ಟಳು. ಮೂರನೇ ಸಲನೂ ಕುಂತಿತು.

ನಿಶಾತ ನೆಲದ ಮ್ಯಾಲ ಕುಸಿದಳು. "ನಾನೇ ಎಲ್ಲೋ ತೂಕ ತಪ್ಪೇನಿ. ಏಳು ವರ್ಷ ನನ್ನ ಕೈಲೇ ಹಾಳ ಮಾಡಕೊಂಡೆ ಅಬ್ಬಾ." ಫೋನ್ ತೊಗೊಂಡಳು. "ಶಿವಗಂಗಾ ಮೇಡಂಗ ಹೇಳಿಬಿಡ್ತೇನಿ, ನನ್ನ ಕೈಲೆ ಆಗಂಗಿಲ್ಲ ಅಂತ."

ತಪ್ಪು ಅಕಿ ತಲಿ ಮ್ಯಾಲ ಹೊತಗೊಳ್ಳಾಕತ್ತಾಳ, ನಾ ಮಿಕಮಿಕ ನೋಡಕೋತ ನಿಂತೇನಿ.

"ಫೋನ್ ಹಚ್ಚಬ್ಯಾಡ ಬೇಟಾ. ನಾಲ್ಕ ತಾಸಲ್ಲ. ಪುಡಿ ಗರಗರ ಅಂತು, ನಾ ಮೂರ ದಿನ ಅರೆದೆ."

ಬೈತಾಳ ಅನಕೊಂಡೆ, ಬೈಲಿಲ್ಲ. ಮೆಲ್ಲಕ ಹೇಳಿದಳು, "ಮೊದಲ ಸಲ ಸುಟ್ಟಾಗ ಪುಡಿಯೊಳಗ ಹರಳು ಕಟ್ಟಿದ್ದವು ಅಬ್ಬಾ, ನೀವು ಗರಗರ ಅಂದ್ರಲ್ಲ, ಅವೇ. ತೀರಾ ಅರೆದ್ರ ಅವು ಕೆಡ್ತಾವ, ಖರಲಿನ ಕಲ್ಲೂ ಸವದು ಪುಡಿಯಾಗ ಕೂಡ್ತದ. ಮತ್ತ ಸುಟ್ರೂ ಕರೆಂಟ್ ಹಾಯೋ ದಾರಿ ಕೂಡಂಗಿಲ್ಲ." ಹೇಳಕೋತ ಹೇಳಕೋತ ತಟ್ಟನ ಎದ್ದು ನಿಂತಳು. ಮುಖದಾಗ ಜೀವ ಬಂತು. "ನಿಲ್ರಿ. ನನ್ನ ಥೀಸಿಸ್ಸೇ ಇದರ ಮ್ಯಾಲ ಅದ. ಹೆಚ್ಚಿಗಿ ಅರೆದ್ರ ಕೆಡ್ತದ ಅನ್ನೋದೂ ರಿಸಲ್ಟೇ. ತಾಸು ಬರೆದ್ರ ಸಾಕು, ಮೇಡಂ ಒಪ್ತಾರ. ಒಟ್ಟು ಎಷ್ಟು ತಾಸು ಅರೆದ್ರಿ?"

ನೆನಪ ಮಾಡಕೋತ ಹೋದೆ. ಮೊದಲನೇ ದಿನ ಕತ್ತಲಾಗೋತನಕ. ಎರಡನೇ ದಿನ ನಡುವ ಗಿರಾಕಿ ಬಂದ್ರು, ಎದ್ದೆ, ಎಷ್ಟೊತ್ತೋ. ಮೂರನೇ ದಿನ ಕುಂತಲ್ಲೇ ನಿದ್ದಿ ಹತ್ತಿತ್ತು. ಒಳಗಿದ್ದ ಹೆಂಡತಿ ಮೆಹರಾಜಬೇಗಂಗ ಕೇಳಿದೆ. "ಎರಡ ಸಲ ನಿಮ್ಮ ಊಟ ತಣ್ಣಗಾತು, ಅಷ್ಟೇ ನನಗ ಗೊತ್ತು" ಅಂದಳು.

"ಸುಮಾರ ಇಪ್ಪತ್ತು ಅಂತ ಬರಿ ಬೇಟಾ" ಅಂದೆ.

"ಸುಮಾರ ಅಂತ ಬರಿಯಾಕ ಬರಂಗಿಲ್ಲ ಅಬ್ಬಾ. ನಲವತ್ತ ದಿನದ ಸುರ್ಮಾ ಮಾರ್ತೀರಿ. ದಿನ ಎಣಸ್ತಿರಬೇಕಲ್ಲ?"

ಒಮ್ಮಿನೂ ಎಣಿಸಿಲ್ರಿ. ನಮ್ಮ ಅಬ್ಬಾ ನಲವತ್ತು ಅಂತಿದ್ದ, ನಾನೂ ಅಂದೆ. ಬೆರಳು ಸಾಕು ಅಂದ್ರ ಸಾಕು ಅನ್ನಾಂವ ನಾ. ಅದನ್ನೂ ಅಕಿಗಿ ಹೇಳಿದೆ, ತಲಿ ಎತ್ತಲಾರದೆ.

ನಿಶಾತ ರಿಜಿಸ್ಟರ್ ತೊಡಿ ಮ್ಯಾಲ ಇಟಗೊಂಡು ಎಡಗೈಲೇ ನಾಲ್ಕರ ಮ್ಯಾಲ ಗೀಟು ಹೊಡೆದಳು. ಅದನ್ನ ಹಂಗೇ ಬಿಟ್ಟಿದ್ರ ಕೇಳೋರು ಯಾರಿದ್ರು? ಅದರ ಬಾಜೂಕ ಒಂದೊಂದೇ ಅಕ್ಷರ ತಿದ್ದಿ ಬರೆದಳು. ನನಗ ಕನ್ನಡ ಓದಾಕ ಬರ್ತದ್ರಿ. ಅರೆದ ತಾಸು, ಗೊತ್ತಿಲ್ಲ.