ಮುಖ ಬರಬಾರದು

ವಾರಕ್ಕೊಂದು ಫೋಟೋ, ಅದರ ಕೆಳಗೆ ನಾಲ್ಕು ಸಾಲು. ಇಷ್ಟೇ ಕೆಲಸ ಎಂದಿದ್ದ ಟೀಚರುಗಳಿಗೆ ತರಬೇತಿ ಕೊಡಲು ಬಂದವನು. ಪಾಠ ಮಾಡುವವರು ತಮ್ಮ ಪಾಠವನ್ನೂ ದಿನದ ಬದುಕನ್ನೂ ಹೊಸ ಕಣ್ಣಿನಿಂದ ನೋಡಬೇಕಂತೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೂಗು ಮುರಿದರು. "ಇದೊಂದು ಕಮ್ಮಿಯಾಗಿತ್ತು ನಮಗೆ" ಎಂದು ಎಲ್ಲರಿಗಿಂತ ಜೋರಾಗಿ ಗೊಣಗಿದವಳು ಲೆಕ್ಕದ ಟೀಚರ್. ಇಪ್ಪತ್ತಾರು ವರ್ಷದಿಂದ ಅದೇ ಭಿನ್ನರಾಶಿ, ಅದೇ ಸೀಮೆಸುಣ್ಣ. ಮಕ್ಕಳು ಅವಳಿಗಿಟ್ಟ ಹೆಸರು ಸೊನ್ನೆ ಟೀಚರ್. ಅವಳು ಕೊಡುತ್ತಿದ್ದ ಅಂಕವೇ ಹಾಗಿತ್ತು, ಪಾಪ, ಮಕ್ಕಳದೇನು ತಪ್ಪು?

ಇದ್ದದ್ದು ಒಂದೇ ನಿಯಮ, ಮಕ್ಕಳ ಮುಖ ಬರಬಾರದು. ಕೈ ಬರಲಿ, ಜಡೆ ಬರಲಿ, ಸವೆದ ಶೂ ಬರಲಿ, ಮುಖ ಮಾತ್ರ ಬೇಡ.

ಮೊದಮೊದಲು ಕಾಟಾಚಾರಕ್ಕೆ ತೆಗೆದಳು. ಹಲಗೆಯ ಮೇಲೆ ಅರ್ಧ ಅಳಿಸಿದ ಲೆಕ್ಕದ್ದೊಂದು. ಮನೆಯ ಸಿಂಕಿನಲ್ಲಿ ಬಿದ್ದಿದ್ದ ಒಂದೇ ತಟ್ಟೆ, ಒಂದೇ ಲೋಟದ್ದು ಇನ್ನೊಂದು. ಆ ತಟ್ಟೆಯ ಬಗ್ಗೆ ನಾಲ್ಕು ಸಾಲು ಬರೆಯಲು ಕುಳಿತವಳು ಗಳಗಳನೆ ಅತ್ತುಬಿಟ್ಟಳು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು, ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಆಮೇಲೆ ಹುಚ್ಚು ಹಿಡಿಯಿತು ನೋಡಿ! ಪಾಠದ ನಡುವೆ ಗಕ್ಕನೆ ನಿಂತು, "ಏಯ್, ಅಲ್ಲಾಡಬೇಡ, ಹಾಗೇ ಇರು" ಎಂದು ಫೋನು ತೆಗೆಯುತ್ತಿದ್ದಳು. ಮಕ್ಕಳು ಕಿಸಕ್ಕೆಂದು ನಕ್ಕರೆ ಬೈಯುತ್ತಲೂ ಇರಲಿಲ್ಲ.

ಅವಳ ಫೋನು ಹಳೆಯದು. ಹತ್ತು ಫೋಟೋ ಹೆಚ್ಚಾದರೆ ಜಾಗವಿಲ್ಲ ಎಂದು ಬಡಿದುಕೊಳ್ಳುತ್ತಿತ್ತು. ಅದಕ್ಕೇ ಅವಳದೊಂದು ಕ್ರಮವಿತ್ತು. ಬಂದ ಹಾಗೆ ತೆಗೆಯುವುದು, ಮುಖವಿದ್ದ ಭಾಗವನ್ನು ಬೆರಳಿನಿಂದ ಎಳೆದು ಕತ್ತರಿಸುವುದು, ಉಳಿದದ್ದನ್ನು ಹಳೆಯದರ ಮೇಲೇ ಸೇವ್ ಮಾಡುವುದು. ಗಣಿತದವಳಲ್ಲವೇ, ಶೇಷ ಉಳಿಸುವ ಅಭ್ಯಾಸವಿಲ್ಲ.

ಹಾಗೆ ತೆಗೆದದ್ದರಲ್ಲಿ ಒಂದು ಎಲ್ಲರ ಬಾಯಲ್ಲೂ ಓಡಾಡಿತು. ಮೂರನೇ ಬೆಂಚಿನ ಹುಡುಗಿಯೊಬ್ಬಳ ಎರಡು ಕೈ, ಕೆಳಗೆ ನೋಟ್‌ಬುಕ್, ಕಿಟಕಿಯಿಂದ ಬಿದ್ದ ಬೆಳಕು, ತೋರುಬೆರಳಲ್ಲಿ ಶಾಯಿಯ ಕಲೆ. ತರಬೇತಿಯವನು ಕುಣಿದಾಡಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಾರಿಡಾರಿನ ಗೋಡೆಗೆ ತೂಗುಹಾಕಿಸಿದ. ಕೆಳಗೆ ಟೀಚರ್ ಬರೆದ ಸಾಲುಗಳ ಚೀಟಿ. 'ಇಷ್ಟು ವರ್ಷ ಉತ್ತರಗಳನ್ನಷ್ಟೇ ನೋಡುತ್ತಿದ್ದೆ. ಈಗ ಮಕ್ಕಳನ್ನು ನೋಡುತ್ತಿದ್ದೇನೆ.' ಓದಿದವರೆಲ್ಲ ತಲೆದೂಗಿದರು. ಅವಳಿಗೂ ಒಳಗೊಳಗೇ ಹೆಮ್ಮೆ.

ರಜೆಯಲ್ಲಿ ಆ ಹುಡುಗಿ ಸತ್ತುಹೋದಳು. ನಾಲ್ಕೇ ದಿನದ ಜ್ವರ. ಶಾಲೆ ತೆರೆದ ದಿನ ಎಲ್ಲರೂ ಎರಡು ನಿಮಿಷ ಮೌನವಾಗಿ ನಿಂತರು, ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಗೆರೆ ಎಳೆದದ್ದೂ ಆಯಿತು.

ಮೂರನೆಯ ವಾರ ಮಧ್ಯಾಹ್ನ ಅವಳ ತಾಯಿ ಬಂದಳು. ಬಟ್ಟೆ ಹೊಲಿಯುವವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಟೀಚರ್, ನಾನು ಚಿನ್ನಿ ಅಮ್ಮ. ಗೋಡೆಗೆ ಹಾಕೋಕೆ ಅವಳದೊಂದು ಫೋಟೋ ಇಲ್ಲ. ಇರೋದು ಶಾಲೆಗೆ ಸೇರಿಸುವಾಗ ತೆಗೆಸಿದ್ದು, ಅದ್ರಲ್ಲಿ ಅವಳು ಅವಳ ಥರಾನೇ ಇಲ್ಲ. ನನ್ನ ಫೋನು ನೀರಿಗೆ ಬಿದ್ದು ಹಾಳಾಯ್ತು. ಗ್ರೂಪ್ ಫೋಟೋ ದಿನ ಇವಳು ರಜೆ." ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ತೆಗೆದಿದ್ರಂತಲ್ಲ? ಮನೆಗೆ ಬಂದು ಒಂದೇ ಸಮ ಹೇಳಿದ್ಲು, ಇಡೀ ಕ್ಲಾಸಲ್ಲಿ ನಂದೇ ತೆಗೆದ್ರು ಅಂತ."

ಟೀಚರ್ ಫೋನು ತೆಗೆದು ಮೇಲೆ ಕೆಳಗೆ ಹುಡುಕಿದಳು. ಮೂವತ್ತೆಂಟು ಫೋಟೋ. ಕೈ, ಬೆನ್ನು, ಜಡೆ, ಶೂ. ಬೇರೆ ದಾರಿ ಕಾಣದೆ ತಾಯಿಯನ್ನು ಕಾರಿಡಾರಿಗೆ ಕರೆದುಕೊಂಡು ಹೋದಳು.

ತಾಯಿ ಆ ಕೈಗಳನ್ನು ನೋಡಿದಳು. ನೋಡಿ ಚಿತ್ರದ ಮೇಲಿನ ಅಂಚಿಗೆ ಬೆರಳಿಟ್ಟಳು. "ಇದರ ಮೇಲಿಂದು?"

"ಮುಖ ಬರಬಾರದು ಅಂತ ನಿಯಮ ಇತ್ತಮ್ಮ."

"ತೆಗೆಯುವಾಗ ಮುಖ ಇತ್ತಾ?"

"ಇತ್ತು. ನಾನೇ ಕತ್ತರಿಸಿದೆ."

ಬೈದಿದ್ದರೆ, ಕಿರುಚಿದ್ದರೆ, ಎಷ್ಟೋ ವಾಸಿ. ತಾಯಿ ಆ ಅಂಚಿನ ಮೇಲೇ ಬೆರಳಾಡಿಸಿದಳು. ಟೀಚರ್ ಆ ಮುಖವನ್ನು ನೆನಪು ಮಾಡಿಕೊಳ್ಳಲು ಒದ್ದಾಡಿದಳು. ಶಾಯಿಯ ಕಲೆ ಕಣ್ಣಿಗೆ ಕಟ್ಟಿದಂತಿತ್ತು, ಅಂಗಿಯ ತೋಳಿನ ಅಂಚಲ್ಲಿ ಎದ್ದಿದ್ದ ದಾರವೂ ಇತ್ತು. ಮುಖ ಬರಲೇ ಇಲ್ಲ. ಅಯ್ಯೋ, ಎರಡು ವರ್ಷ ಎದುರಿಗೇ ಕೂತಿದ್ದ ಮಗು!

"ಆವತ್ತು ಹೇಗಿದ್ಲು ಟೀಚರ್? ನಗ್ತಿದ್ಲಾ?"

ಟೀಚರ್‌ಗೆ ಇದೊಂದನ್ನಾದರೂ ಕೊಡೋಣ ಎನಿಸಿತು. "ನಗ್ತಿದ್ಲಮ್ಮ. ಬಾಯ್ತುಂಬ ನಗ್ತಿದ್ಲು."

ತಾಯಿ ಮತ್ತೆ ಆ ಕೈಗಳನ್ನೇ ನೋಡುತ್ತ ನಿಂತಳು. "ಮುಂದಿನ ಹಲ್ಲು ಮುರಿದಿತ್ತಲ್ಲ, ನಗು ಬಂದ್ರೆ ಸಾಕು, ಬಾಯಿಗೆ ಕೈ ಅಡ್ಡ ಇಡ್ತಿದ್ಲು. ನಿದ್ದೇಲಿ ನಕ್ಕರೂ ಅಷ್ಟೇ. ನಿಮಗೆ ಗೊತ್ತಿರುತ್ತೆ ಬಿಡಿ, ದಿನಾ ನೋಡ್ತಿದ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲಿ ಎರಡೂ ಕೈ ಕೆಳಗೇ ಇದೆ."

ಹಲ್ಲು ಮುರಿದಿದ್ದು ಟೀಚರ್‌ಗೆ ಗೊತ್ತೇ ಇರಲಿಲ್ಲ.

"ಇದನ್ನೇ ಕೊಡಿ, ತಗೊಂಡು ಹೋಗ್ತೀನಿ" ಎಂದಳು ತಾಯಿ. ಟೀಚರ್ ಮೊಳೆಯಿಂದ ಬಿಡಿಸಿ ಕೊಟ್ಟಳು. ತಾಯಿ ಕೆಳಗಿನ ಚೀಟಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡಳು. ಓದಿ, ಹರಿಯದ ಹಾಗೆ ಉಗುರಿನಿಂದ ಬಿಡಿಸಿ, ಟೀಚರ್ ಕೈಗಿಟ್ಟಳು.

"ಇದು ನಿಮ್ಮದು, ಇಟ್ಕೊಳ್ಳಿ. ನನಗೆ ಕೈ ಸಾಕು."

ಅವಳು ಗೇಟು ದಾಟುವ ಹೊತ್ತಿಗೆ ಬೆಲ್ ಹೊಡೆಯಿತು. ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಟೀಚರ್ ತರಗತಿಗೆ ಹೋದಳು. ಮಕ್ಕಳೆಲ್ಲ ಎದ್ದು ನಿಂತು ಅವಳ ಕಡೆ ನೋಡಿದರು. ಅವಳು ಅವರಿಗೆ ಬೆನ್ನು ಹಾಕಿ, ಹಲಗೆಯ ಮೇಲೆ ಲೆಕ್ಕ ಬರೆಯಲು ಶುರುಮಾಡಿದಳು.